ಅಂಜುರತ್ ಹದಿನೇಳನೇ ಮಹಡಿ ಸೇರಿದ್ದು

ದುಶಾಂಬೆ ಪಟ್ಟಣದ ನಟ್ಟನಡುವೆ, ಹಳೆಯ ರೊಟ್ಟಿ ಕಾರ್ಖಾನೆಯ ಹಿಂದಿದ್ದ ಮೊಹಲ್ಲಾದಲ್ಲಿ ಅಂಜುರತ್‌ಳ ಬಾಗಿಲನ್ನು ಯಾರೂ ಸುಮ್ಮನೆ ತಟ್ಟುತ್ತಿರಲಿಲ್ಲ. ತಟ್ಟಿದರೆ ಯಾರ ಮನೆಯಲ್ಲೋ ಹೆಂಗಸೊಬ್ಬಳು ತೀರಿಕೊಂಡಿದ್ದಾಳೆ ಎಂದೇ ತಿಳಿಯಬೇಕು. ಸತ್ತ ಹೆಂಗಸರನ್ನು ತೊಳೆದು, ಕಫನ್ ಉಡಿಸಿ, ಜಡೆ ಬಿಚ್ಚಿ ಎದೆಯ ಮೇಲೆ ಹರಡಿ ಕಳಿಸಿಕೊಡುವುದು ಅವಳ ಕೆಲಸ. ಮದುವೆಯಾಗಿ ಬಂದ ವರ್ಷವೇ ಅತ್ತೆ ಅವಳನ್ನು ಒಂದು ಸಾವಿನ ಮನೆಗೆ ಎಳೆದುಕೊಂಡು ಹೋಗಿ, ಅಳುತ್ತಿದ್ದವಳ ಕೈಗೆ ನೀರಿನ ತಂಬಿಗೆ ಕೊಟ್ಟು, "ಕಣ್ಣು ಮುಚ್ಕೊಂಡ್ರೆ ಕೆಲಸ ಆಗಲ್ಲ, ಕಣ್ಣು ಬಿಡು" ಎಂದಿದ್ದಳು. ಮುಂದೆ ಆ ಅತ್ತೆ ಸತ್ತಾಗ ಅವಳನ್ನೂ ಅಂಜುರತ್‌ಳೇ ತೊಳೆದಳು. ಅಲ್ಲಿಂದಾಚೆಗೆ ಮೊಹಲ್ಲಾದ ಹೆಂಗಸರೆಲ್ಲ ಅವಳ ಕೈ ಹಾಯ್ದೇ ಹೋದರು.

ಕೆಲಸ ಮುಗಿದ ಮೇಲೆ ಮನೆಯವರು ಸತ್ತವಳ ಬಟ್ಟೆಬರೆಯನ್ನೂ ಒಂದು ತುಂಡು ಹೊಸ ಬಟ್ಟೆಯನ್ನೂ ಅವಳ ಕೈಗೆ ಕೊಡುತ್ತಿದ್ದರು. ಕೊಡುವಾಗ ಮುಖ ನೋಡುತ್ತಿರಲಿಲ್ಲ. ಮದುವೆ ಮನೆಗಳಲ್ಲಿ ಅವಳನ್ನು ಬಾಗಿಲ ಪಕ್ಕ, ಚಪ್ಪಲಿ ಬಿಡುವ ಜಾಗಕ್ಕೆ ಹತ್ತಿರ ಕೂರಿಸುತ್ತಿದ್ದರು. ಪಲಾವ್ ಬಂದಾಗ ಉಳಿದ ಹೆಂಗಸರೆಲ್ಲ ಗುಂಪುಗುಂಪಾಗಿ ಒಂದೇ ದೊಡ್ಡ ತಟ್ಟೆಗೆ ಕೈ ಹಾಕಿ ತಿಂದರೆ, ಅವಳಿಗೆ ಮಾತ್ರ ಒಂದು ಪುಟ್ಟ ತಟ್ಟೆಯಲ್ಲಿ ಬೇರೆ ಬರುತ್ತಿತ್ತು. ಅದನ್ನು ಮರ್ಯಾದೆ ಎನ್ನುವಂತೆ ತಂದಿಡುತ್ತಿದ್ದರು. ಅವಳೂ ಮರ್ಯಾದೆಯೆಂಬಂತೆಯೇ ತಿನ್ನುತ್ತಿದ್ದಳು.

ಅವಳ ತಟ್ಟೆಗೆ ಕೈ ಹಾಕಿ ತಿನ್ನುತ್ತಿದ್ದವಳು ಪಕ್ಕದ ಮನೆಯ ಬೀಬಿಸೋರಾ ಒಬ್ಬಳೇ. ಯಾವುದೋ ಸರ್ಕಾರಿ ಕಚೇರಿಯ ಕ್ಯಾಂಟೀನಿನಲ್ಲಿ ಆಯುಷ್ಯವೆಲ್ಲ ಅಡುಗೆ ಮಾಡಿ ನಿವೃತ್ತಳಾಗಿದ್ದ ದಪ್ಪ ಹೆಂಗಸು. ಗಂಡನಿಲ್ಲ, ಮಕ್ಕಳಿಲ್ಲ, ನಾಲಿಗೆಗೆ ಲಗಾಮಿಲ್ಲ. ಎರಡೂ ಮನೆಗಳ ನಡುವೆ ಒಂದೇ ಮಣ್ಣಿನ ಗೋಡೆ, ಅದರಲ್ಲೊಂದು ಗಿಡ್ಡ ಬಾಗಿಲು. ಅಂಜುರತ್ ಸಾವಿನ ಮನೆಯಿಂದ ಬಂದ ದಿನ ಬೀಬಿಸೋರಾ ಆ ಬಾಗಿಲಿನಲ್ಲಿ ಬಗ್ಗಿ ಬಂದು, ಸಾರಿನ ಬಟ್ಟಲು ಮುಂದಿಟ್ಟು ತಾನೂ ಅದರಲ್ಲೇ ರೊಟ್ಟಿ ಅದ್ದುತ್ತಿದ್ದಳು.

"ಹೆಣ ಮುಟ್ಟಿದ ಕೈಯಂತೆ," ಎನ್ನುತ್ತಿದ್ದಳು. "ನಮ್ಮ ಆಫೀಸಿನ ಸಾಹೇಬರ ಕೈಗಳನ್ನ ನೋಡಬೇಕಿತ್ತು ನೀನು. ಅವುಗಳಿಗೆ ನಾನು ಮೂವತ್ತು ವರ್ಷ ಬಡಿಸಿದೀನಿ. ತಿನ್ನೇ, ಆರಿಹೋಗುತ್ತೆ."

ಅಂಜುರತ್ ವಿಧವೆ. ಒಬ್ಬಳೇ ಮಗಳು ಮೆಹ್ರಂಗೇಜ್, ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿನ ಹಿಂದೆ ಕೂತು ಫೋನ್ ಎತ್ತುವ ಕೆಲಸ. ನೋಡಲು ಲಕ್ಷಣವಾಗಿದ್ದಳು. ಹೆಣ್ಣು ಕೇಳಿಕೊಂಡು ಬಂದವರು ಚಹಾ ಕುಡಿದು, ಬಾದಾಮಿ ತಿಂದು, ನಗುತ್ತಲೇ ಎದ್ದು ಹೋಗುತ್ತಿದ್ದರು. ಹೋಗುವ ದಾರಿಯಲ್ಲಿ ಮೂಲೆ ಅಂಗಡಿಯಲ್ಲಿ ಹುಡುಗಿಯ ಮನೆತನ ವಿಚಾರಿಸುತ್ತಿದ್ದರು. ಮತ್ತೆ ಬರುತ್ತಿರಲಿಲ್ಲ. ಕೊನೆಯ ಸಲ ಹಾಗಾದಾಗ ಮೆಹ್ರಂಗೇಜ್ ಅಳಲಿಲ್ಲ. ತಾಯಿ ಸಾವಿನ ಮನೆಗೆ ಒಯ್ಯುತ್ತಿದ್ದ ಸೋಪಿನ ಬಟ್ಟಲನ್ನು ತೆಗೆದು ಅಂಗಳಕ್ಕೆ ಎಸೆದು ಹೇಳಿದಳು: "ಸತ್ತೋರನ್ನ ತೊಳೀತಾ ತೊಳೀತಾ ನನ್ನನ್ನೂ ಅವರ ಪಕ್ಕದಲ್ಲಿ ಮಲಗಿಸಿಬಿಟ್ಟೆಯಲ್ಲಮ್ಮ ನೀನು."

ಆ ವಸಂತದಲ್ಲೇ ಕಟ್ಟಡ ಕಂಪನಿಯ ಫಯ್ಜಲಿ ಮೊಹಲ್ಲಾಕ್ಕೆ ಬಂದದ್ದು. ಚೂಪು ಬೂಟಿನ, ಮೆದು ಮಾತಿನ ಮನುಷ್ಯ. ಮನೆಮನೆಗೂ ಹಲ್ವಾ ಪೊಟ್ಟಣ ತಂದ, ಜೊತೆಗೆ ಒಂದು ಬಣ್ಣದ ಚಿತ್ರ. ಮೊಹಲ್ಲಾ ಇದ್ದ ಜಾಗದಲ್ಲಿ ಆಕಾಶಕ್ಕೆ ಏಣಿ ಹಾಕಿದಂಥ ಬಿಳಿ ಕಟ್ಟಡ, ಕೆಳಗೆ ಕಾರಂಜಿ, ಕಾರಂಜಿಯ ಸುತ್ತ ಯಾವ ದೇಶದವೋ ಚಿನ್ನದ ಕೂದಲಿನ ಮಕ್ಕಳು. ಮನೆ ಬಿಟ್ಟುಕೊಟ್ಟವರಿಗೆ ಅದರಲ್ಲೊಂದು ಫ್ಲಾಟ್. ಕಟ್ಟಿ ಮುಗಿಯುವ ತನಕ ಕಂಪನಿಯೇ ಬಾಡಿಗೆ ಕೊಡುತ್ತದೆ.

ಗಂಡಸರು ಕಾಗದಪತ್ರ ಕೇಳಿದರು, ಹೆಂಗಸರು ಅಡುಗೆಮನೆ ಎಷ್ಟು ದೊಡ್ಡದೆಂದು ಕೇಳಿದರು. ಅಂಜುರತ್ ಕೇಳಿದ್ದು ಬೇರೆ.

"ಮೇಲಿನ ಮಹಡಿಗಳಲ್ಲಿ ಯಾರಿರ್ತಾರೆ? ಈ ಮೊಹಲ್ಲಾದೋರೇನಾ?"

ಫಯ್ಜಲಿ ಅವಳನ್ನು ಸ್ವಂತ ಚಿಕ್ಕಮ್ಮನೆಂಬಂತೆ ಖೋಲಾ ಎಂದು ಕರೆದು, ಕ್ಷಮೆ ಕೇಳುವ ದನಿಯಲ್ಲಿ ಹೇಳಿದ. "ಇಲ್ಲ ಖೋಲಾ. ಮೇಲಿನವೆಲ್ಲ ಮಾರಾಟಕ್ಕೆ. ಖುಜಂದ್‌ನವರು, ಕುಲ್ಯಾಬ್‌ನವರು, ಎಲ್ಲೆಲ್ಲಿಯವರೋ ಬರ್ತಾರೆ. ನಿಜ ಹೇಳ್ಬೇಕು ಅಂದ್ರೆ, ಅಲ್ಲಿ ಪಕ್ಕದ ಮನೆಯೋರ ಹೆಸರೂ ಒಬ್ಬರಿಗೊಬ್ಬರಿಗೆ ಗೊತ್ತಿರಲ್ಲ."

"ಹಾಗಾದ್ರೆ ನಂಗೆ ಮೇಲಿನದೇ ಕೊಡಿ," ಎಂದಳು ಅಂಜುರತ್.

ಮೊಹಲ್ಲಾದಲ್ಲಿ ಮೊದಲು ಸಹಿ ಹಾಕಿದವಳು ಅವಳೇ. ಮೊದಲು ಸಹಿ ಹಾಕಿದ್ದಕ್ಕೆ ಹದಿನೇಳನೇ ಮಹಡಿಯಲ್ಲಿ, ಬೆಟ್ಟಗಳ ಕಡೆ ಮುಖ ಮಾಡಿದ ಮೂರು ಕೋಣೆಯ ಮನೆ ಬರೆದುಕೊಟ್ಟರು. ಆ ದಿನದಿಂದ ಅವಳು ಕೆಲಸ ಬಿಟ್ಟಳು. ಯಾರೋ ಸತ್ತರೆಂದು ಬಂದವರಿಗೆ ಸೊಂಟ ಹಿಡಿದಿದೆ ಎಂದು ಹೇಳಿ ಕಳಿಸಿದಳು.

ಬೀಬಿಸೋರಾ ಸಹಿ ಹಾಕಲಿಲ್ಲ. ಅವಳ ಕಾರಣವೇನೂ ದೊಡ್ಡದಾಗಿರಲಿಲ್ಲ. "ಬದುಕಿಡೀ ಪಾತ್ರೆ ಹೊತ್ಕೊಂಡು ಬೇರೆಯವರ ಮೆಟ್ಟಿಲು ಹತ್ತಿದೀನಿ," ಎಂದಳು. "ಈಗ ಮಲಗೋದಕ್ಕೂ ಹತ್ತು ಅಂದ್ರೆ ಹತ್ತಲ್ಲ."

"ಲಿಫ್ಟ್ ಇರುತ್ತೆ ಕಣೇ," ಎಂದಳು ಅಂಜುರತ್.

"ಕರೆಂಟು ಹೋದ್ರೆ? ನೀನು ಹೊತ್ಕೊಂಡು ಹೋಗ್ತೀಯಾ ನನ್ನನ್ನ? ಇನ್ನು, ನನ್ನ ಕೋಳಿಗಳಿಗೆ ಯಾವ ಮಹಡಿ ಕೊಡ್ತಾನಂತೆ ಅವನು, ಕೇಳಿದ್ಯಾ?"

ಅಂಜುರತ್‌ಗೆ ನಗು ಬಂತು. ಬೇಸಿಗೆ ಕಳೆಯುವಷ್ಟರಲ್ಲಿ ಇವಳೂ ಒಪ್ಪುತ್ತಾಳೆ ಎಂದುಕೊಂಡಳು.

ಒಪ್ಪಲಿಲ್ಲ. ಉಳಿದವರೆಲ್ಲ ಗಂಟುಮೂಟೆ ಕಟ್ಟಿ ಊರಂಚಿನ ಬಾಡಿಗೆ ಕೋಣೆಗಳಿಗೆ ಹೋದರು. ಅಂಜುರತ್ ಮತ್ತು ಮಗಳು ಸಿಮೆಂಟ್ ಕಾರ್ಖಾನೆಯ ಕಡೆ ಒಂದು ವಠಾರ ಸೇರಿದರು. ಮೊಹಲ್ಲಾದ ಮನೆಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. ನಡುವೆ ಬೀಬಿಸೋರಾಳ ಮನೆ ನಿಂತಿತ್ತು, ಅದಕ್ಕೆ ಅಂಟಿಕೊಂಡು ಅಂಜುರತ್‌ಳ ಖಾಲಿ ಮನೆ. ಆ ಜಾಗ ಬಿಟ್ಟು ಪಾಯ ತೋಡುವಂತಿರಲಿಲ್ಲ. ಕಂಪನಿ ಕೆಲಸ ನಿಲ್ಲಿಸಿತು. ಆಮೇಲೆ, ಕೆಲಸ ನಿಂತಿದೆ ಎಂಬ ನೆಪ ಹೇಳಿ ಬಾಡಿಗೆಯನ್ನೂ ನಿಲ್ಲಿಸಿತು.

ಕಂಪನಿಯ ಮೇಲೆ ಯಾರೂ ಸಿಟ್ಟಾಗಲಿಲ್ಲ. ಕಂಪನಿ ಎಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಬೀಬಿಸೋರಾ ಎಲ್ಲಿದ್ದಾಳೆಂದು ಎಲ್ಲರಿಗೂ ಗೊತ್ತಿತ್ತು. ಅವಳ ಕೈಯ ಅಡುಗೆ ಉಂಡು ದೊಡ್ಡವರಾದ ಗಂಡಸರೇ ಬಂದು ಅವಳ ಮನೆಯ ವಿದ್ಯುತ್ ತಂತಿ ಕತ್ತರಿಸಿದರು. ಅಂಗಳದ ಕಾಲುವೆಗೆ ಇಟ್ಟಿಗೆ ಚೂರು ತುಂಬಿ ನೀರು ನಿಲ್ಲಿಸಿದರು. ಒಂದು ಬೆಳಿಗ್ಗೆ ಅವಳ ಕೋಳಿಗಳೆಲ್ಲ ಕಾಲು ಚಾಚಿ ಬಿದ್ದಿದ್ದವು. ಬೀಬಿಸೋರಾ ಅವುಗಳನ್ನು ಒಂದು ಚೀಲದಲ್ಲಿ ತುಂಬಿ, ಮೊಹಲ್ಲಾದ ಹಿರಿಯನ ಬಾಡಿಗೆ ಕೋಣೆ ಹುಡುಕಿಕೊಂಡು ಹೋಗಿ ಅವನ ಹೊಸ್ತಿಲಲ್ಲಿ ಸುರಿದು ಬಂದಳು.

"ನೀವು ಶುರು ಮಾಡಿದ್ದನ್ನ ನೀವೇ ಬೇಯಿಸ್ಕೊಳ್ಳಿ," ಎಂದಳಂತೆ.

ಇದೆಲ್ಲ ಅಂಜುರತ್‌ಳ ಕಿವಿಗೆ ಬೀಳುತ್ತಿತ್ತು. ಆದರೆ ಅವಳ ತಲೆಯಲ್ಲಿದ್ದದ್ದು ಬೇರೆ. ಮೆಹ್ರಂಗೇಜ್‌ಗೆ ಒಂದು ಸಂಬಂಧ ಕೂಡಿಬರುವ ಹಾಗಿತ್ತು. ಹುಡುಗ ಇಕ್ರೋಮ್, ಕ್ಲಿನಿಕ್ಕಿಗೆ ಹಲ್ಲು ತೋರಿಸಿಕೊಳ್ಳಲು ಬಂದವನು, ಹಲ್ಲು ವಾಸಿಯಾದ ಮೇಲೂ ಬರುತ್ತಿದ್ದ. ಮದುವೆ ಮಾತು ಬಂದಾಗೆಲ್ಲ ಅವನ ಕಡೆಯವರು ಒಂದೇ ಪ್ರಶ್ನೆ ಕೇಳುತ್ತಿದ್ದರು: ಪಟ್ಟಣದ ನಡುವೆ ಬರಬೇಕಾದ ಆ ಮನೆ ಯಾವಾಗ ಬರುತ್ತದೆ?

ಮೊದಲ ಚಳಿ ಬಿದ್ದ ದಿನಗಳಲ್ಲಿ ಫಯ್ಜಲಿ ವಠಾರಕ್ಕೆ ಬಂದ. ಈ ಸಲ ಹಲ್ವಾ ತಂದಿರಲಿಲ್ಲ.

"ಆ ಮುದುಕಿ ಮನೆಗೆ ನಾವು ಕೈ ಹಚ್ಚಿದ್ರೆ ಕೋರ್ಟಿಗೆ ಹೋಗ್ತಾಳೆ," ಎಂದ. "ಆದ್ರೆ ನಡುವಿನ ಗೋಡೆ ನಿಮ್ಮದು. ಹಳೇ ಪತ್ರದಲ್ಲಿ ಹಾಗೇ ಇದೆ. ನಿಮ್ಮ ಮನೇನ ನೀವೇ ನಿಂತು ಕೆಡವಿಸಿದ್ರೆ ಯಾರು ಏನು ಮಾಡೋಕಾಗುತ್ತೆ?"

"ಅವಳ ಮಲಗೋ ಕೋಣೆ ತೊಲೆಗಳೆಲ್ಲ ಆ ಗೋಡೆ ಮೇಲೇ ಕೂತಿವೆ," ಎಂದಳು ಅಂಜುರತ್.

"ಅದನ್ನ ನೀವು ಹೇಳಲಿಲ್ಲ, ನಾನು ಕೇಳಿಸ್ಕೊಳ್ಳಲಿಲ್ಲ ಖೋಲಾ."

ಒಳಗಿನಿಂದ ಮೆಹ್ರಂಗೇಜ್ ಬಂದು ಅವನಿಗೆ ಚಹಾ ಬಗ್ಗಿಸಿ, ತಾಯಿಯ ಪರವಾಗಿ ತಾನೇ ಕೇಳಿದಳು. "ಯಾವತ್ತು ಬರಬೇಕು?"

ಯಂತ್ರ ಬಂದ ದಿನ ಮೊಹಲ್ಲಾದ ಹಳಬರು ಎಷ್ಟೋ ಜನ ನೋಡಲು ಬಂದಿದ್ದರು. ಸೂರ್ಯಕಾಂತಿ ಬೀಜ ಸುಲಿಯುತ್ತ ನಿಂತಿದ್ದರು. ಬೀಬಿಸೋರಾ ಹೊರಗೆ ಬಂದು ಯಂತ್ರವನ್ನು ನೋಡಿದಳು, ಅದರ ಪಕ್ಕ ನಿಂತಿದ್ದ ಅಂಜುರತ್‌ಳನ್ನು ನೋಡಿದಳು. ಬೈಯುತ್ತಾಳೆಂದು ಎಲ್ಲರೂ ಕಾದರು.

"ಆ ಗಿಡ್ಡ ಬಾಗಿಲನ್ನಾದ್ರೂ ಬಿಚ್ಚಿಟ್ಕೊಳ್ಳೇ," ಎಂದಳು ಬೀಬಿಸೋರಾ. "ಒಳ್ಳೇ ಮರ ಅದು."

"ನನ್ನ ಮಗಳಿಗೋಸ್ಕರ ಕಣೇ," ಎಂದಳು ಅಂಜುರತ್. "ನಿಂಗೆ ಮಕ್ಕಳಿಲ್ಲ, ನಿಂಗೆ ಅರ್ಥ ಆಗಲ್ಲ."

ಅಷ್ಟು ವರ್ಷಗಳಲ್ಲಿ ಆ ಮಾತನ್ನು ಅವಳು ಒಮ್ಮೆಯೂ ಆಡಿರಲಿಲ್ಲ. ಬೀಬಿಸೋರಾ ತಲೆಯಾಡಿಸಿ ಒಳಗೆ ಹೋದಳು. ಮಂಚವನ್ನು ಆಚೆ ಬದಿಗೆ ಎಳೆಯುವ ಸದ್ದು ಕೇಳಿಸಿತು. ಯಂತ್ರ ಎರಡು ಸಲ ತಳ್ಳುವಷ್ಟರಲ್ಲಿ ಗೋಡೆ ಕುಸಿಯಿತು, ಅದರ ಜೊತೆಗೆ ಚಾವಣಿಯ ಒಂದು ಮಗ್ಗುಲು ಜಗ್ಗಿತು. ಧೂಳು ಇಳಿದಾಗ ನೀಲಿ ಸುಣ್ಣ ಹೊಡೆದ ಕೋಣೆ ಹೊರಗಿನವರ ಕಣ್ಣಿಗೆ ಹಾಗೇ ಬಿತ್ತು: ಮಡಿಸಿಟ್ಟ ಹಾಸಿಗೆಗಳು, ಮೊಳೆಗೆ ನೇತುಹಾಕಿದ ಒಳಲಂಗ, ಮಂಚದ ಮೇಲೆ ಬೆನ್ನು ತಿರುಗಿಸಿ ಕೂತ ಮುದುಕಿ. ಯಾರೋ ನಕ್ಕರು. ಮೂಲೆ ಅಂಗಡಿಯವನ ಹೆಂಡತಿ ಫೋನಿನಲ್ಲಿ ಚಿತ್ರ ತೆಗೆದುಕೊಂಡಳು.

ಬೀಬಿಸೋರಾ ಆಗಲೂ ಹೋಗಲಿಲ್ಲ. ಗೋಡೆಯಿದ್ದ ಕಡೆ ಕೌದಿಗಳನ್ನು ಮೊಳೆ ಹೊಡೆದು ಕಟ್ಟಿಕೊಂಡು, ಅಡುಗೆ ಕೋಣೆಯಲ್ಲಿ ಮಲಗತೊಡಗಿದಳು. ಆ ಸಲದ ಚಳಿಗಾಲ ಕೆಟ್ಟದಾಗಿತ್ತು. ಕೌದಿಗಳು ನೆನೆದು ಹೆಪ್ಪುಗಟ್ಟಿ ಹಲಗೆಯಂತಾದವು. ಹಾದುಹೋಗುವವರು ರಸ್ತೆಯಲ್ಲಿ ನಿಂತು ಒಳಗಿದ್ದವಳಿಗೆ ಕೇಳಿಸುವ ಹಾಗೆಯೇ, "ಇನ್ನೂ ಇದಾಳಾ?" ಎಂದು ಕೇಳುತ್ತಿದ್ದರು. ಒಳಗಿನಿಂದ ಕೆಮ್ಮು ಉತ್ತರ ಕೊಡುತ್ತಿತ್ತು. ಅಂಜುರತ್ ಸಂತೆಗೆ ಹೋಗಬೇಕಾದಾಗ ಆ ರಸ್ತೆ ಬಿಟ್ಟು ಸುತ್ತು ಬಳಸಿ ಹೋಗುತ್ತಿದ್ದಳು.

ಇಕ್ರೋಮ್‌ನ ತಾಯಿ ಮುಕ್ಕದಸ್ ಹೆಣ್ಣು ನೋಡಲು ಬಂದದ್ದು ಹಿಮ ಬೀಳುತ್ತಿದ್ದ ಒಂದು ಮಧ್ಯಾಹ್ನ. ಜೊತೆಗೆ ಇಬ್ಬರು ನಾದಿನಿಯರು. ಅಂಜುರತ್ ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಸಿ ಒಣದ್ರಾಕ್ಷಿ, ಬಾದಾಮಿ, ಬಿಸಿ ರೊಟ್ಟಿ ಜೋಡಿಸಿದ್ದಳು. ಮುಕ್ಕದಸ್ ಹೆಚ್ಚು ಮಾತಾಡುವವಳಲ್ಲ. ಚಹಾ ಬಗ್ಗಿಸುತ್ತಿದ್ದ ಅಂಜುರತ್‌ಳ ಕೈಗಳನ್ನೇ ನೋಡುತ್ತಿದ್ದಳು. ರೊಟ್ಟಿ ಮುರಿದು ಹಂಚುವ ಹೊತ್ತಿಗೆ ಯಾರೋ ಬಾಗಿಲು ಬಡಿದರು.

ಹೊರಗೆ ಒಬ್ಬ ಹುಡುಗಿ ನಿಂತಿದ್ದಳು. ತಲೆವಸ್ತ್ರದ ಮೇಲೆ ಹಿಮ, ಕಾಲಲ್ಲಿ ಗಂಡಸರ ರಬ್ಬರ್ ಬೂಟು.

"ಅಂಜುರತ್ ಖೋಲಾ ಮನೆ ಇದೇನಾ?"

"ನಾನೇ."

"ನಾನು ಹಿಕೋಯತ್. ಬೀಬಿಸೋರಾ ನನಗೆ ದೊಡ್ಡಮ್ಮ ಆಗಬೇಕು, ವರ್ಜೋಬ್‌ನಿಂದ ಬಂದೆ. ದೊಡ್ಡಮ್ಮ ಬೆಳಿಗ್ಗೆ ಹೋಗ್ಬಿಟ್ರು." ಅವಳು ಮೂಗು ಒರೆಸಿಕೊಂಡಳು. "ನಿಮ್ಮನ್ನೇ ಕರೀಬೇಕು ಅಂತ ಹೇಳಿದ್ರು. ಬೇರೆ ಯಾರೂ ಬೇಡ, ಅವಳ ಕೈ ಮೆತ್ತಗಿದೆ, ಅಂದ್ರು."

ಅಂಜುರತ್‌ಳ ಬೆನ್ನ ಹಿಂದೆ ಮಾತು ನಿಂತಿತ್ತು. ಬಟ್ಟಲುಗಳ ಸದ್ದೂ ನಿಂತಿತ್ತು.

"ನೀನು ಬೇರೆ ಯಾರನ್ನೋ ಹುಡುಕ್ತಾ ಇದ್ದೀಯಮ್ಮ," ಎಂದಳು. "ಹೆಸರು ಒಂದೇ ಇರಬಹುದು. ಆ ಕೆಲಸ ಮಾಡೋರು ಇಲ್ಲಿ ಯಾರೂ ಇಲ್ಲ."

ಹಿಕೋಯತ್ ಅವಳ ಮುಖವನ್ನೇ ನೋಡಿದಳು. "ಅಲ್ಲಿ ಒಂದು ಗೋಡೇನೇ ಇಲ್ಲ ಖೋಲಾ," ಎಂದಳು. "ಹಿಮ ಒಳಗೆ ಬರ್ತಾ ಇದೆ. ನಂಗೆ ಹೇಗೆ ಮಾಡ್ಬೇಕು ಅಂತ ಗೊತ್ತಿಲ್ಲ."

ಅಂಜುರತ್ ಬಾಗಿಲು ಮುಚ್ಚಿದಳು. ಒಳಗೆ ಬಂದು ಕೂತು, ಅರ್ಧಕ್ಕೆ ಬಿಟ್ಟಿದ್ದ ರೊಟ್ಟಿಯನ್ನು ಮುರಿದಳು.

"ಯಾರು ಅದು?" ಎಂದಳು ಮುಕ್ಕದಸ್.

"ಹಾಲು ಮಾರೋಳು."

ಆ ದಿನವೇ ಮದುವೆ ಮಾತು ಗಟ್ಟಿಯಾಯಿತು.

ಬೀಬಿಸೋರಾಳನ್ನು ಹಿಕೋಯತ್‌ಳೂ ಕಟ್ಟಡ ಕಂಪನಿಯ ಕಾವಲುಗಾರನ ಹೆಂಡತಿಯೂ ಸೇರಿ ತೊಳೆದರೆಂದು ಅಂಜುರತ್‌ಗೆ ಆಮೇಲೆ ತಿಳಿಯಿತು. ಒದ್ದೆ ಸೌದೆ ಹತ್ತಲಿಲ್ಲವಂತೆ, ನೀರು ಕಾಯಲಿಲ್ಲವಂತೆ. ಯಾವ ಮಗ್ಗುಲು ಮೊದಲು, ಯಾವುದು ಆಮೇಲೆ ಎಂದು ಇಬ್ಬರಿಗೂ ತಿಳಿಯದೆ ಮತ್ತೆ ಮತ್ತೆ ಹೊರಳಿಸಿದರಂತೆ. ಕಫನ್ ಅಳತೆಗೆ ಸಾಲದೆ ಪಾದಗಳು ಹೊರಗೇ ಉಳಿದವಂತೆ. ಜನಾಜಾಕ್ಕೆ ಮೊಹಲ್ಲಾದ ಗಂಡಸೊಬ್ಬನೂ ಬರಲಿಲ್ಲ. ಹೆಗಲು ಕೊಟ್ಟವರು ಪಾಯ ತೋಡಲೆಂದು ಬಂದು ಕೂತಿದ್ದ ದಕ್ಷಿಣದ ಕೂಲಿಯಾಳುಗಳು. ಮಣ್ಣು ಮಾಡಿ ಬಂದವರೇ ಮರುದಿನ ಆ ಮನೆಯನ್ನು ಕೆಡವಿದರು. ಇದನ್ನೆಲ್ಲ ಹೇಳಿದ್ದು ಮೂಲೆ ಅಂಗಡಿಯವನ ಹೆಂಡತಿ. ಹೇಳಿ, "ಅಂತೂ ದಾರಿ ಬಿಟ್ಟಳು ನೋಡು" ಎಂದು ಸೇರಿಸಿದಳು.

ಕಟ್ಟಡ ಎದ್ದಿತು. ಚಿತ್ರದಲ್ಲಿದ್ದ ಕಾರಂಜಿ ಬರಲಿಲ್ಲ, ಆ ಜಾಗದಲ್ಲಿ ಕಾರುಗಳು ನಿಂತವು. ಮೊಹಲ್ಲಾದವರಲ್ಲಿ ಅರ್ಧದಷ್ಟು ಜನ ಫ್ಲಾಟು ಮಾರಿ ಹೊರಟುಹೋದರು. ಉಳಿದವರು ಲಿಫ್ಟಿನಲ್ಲಿ ಅಂಜುರತ್ ಎದುರಾದರೆ ಬಾಗಿಲ ಮೇಲೆ ಮಿನುಗುವ ಅಂಕಿಗಳನ್ನು ನೋಡುತ್ತಿದ್ದರು. ಫಯ್ಜಲಿ ಹೇಳಿದ್ದು ಸುಳ್ಳಾಗಿರಲಿಲ್ಲ. ಹದಿನೇಳನೇ ಮಹಡಿಯಲ್ಲಿ ಯಾರಿಗೂ ಅವಳು ಗೊತ್ತಿರಲಿಲ್ಲ. ವಾರಗಟ್ಟಲೆ ಯಾರೂ ಬಾಗಿಲು ತಟ್ಟುತ್ತಿರಲಿಲ್ಲ. ಹಬ್ಬದ ದಿನ ಅವಳು, ತಾನೇ ಮಾಂಸ ತುಂಬಿ ಬೇಯಿಸಿದ ಸಂಬೂಸಾಗಳ ತಟ್ಟೆ ಹಿಡಿದು ಎದುರು ಮನೆಯ ಗಂಟೆ ಒತ್ತಿದಳು. ಬಾಗಿಲ ಕಿಂಡಿಯಲ್ಲಿ ಒಂದು ಕಣ್ಣು ಕಂಡಿತು, ಮರೆಯಾಯಿತು.

ಮದುವೆಗೆ ಗಂಡಿನ ಕಡೆಯವರು ಒಂದೇ ಷರತ್ತು ಹಾಕಿದ್ದರು: ಮನೆ ಹುಡುಗಿಯ ಹೆಸರಿಗಾಗಬೇಕು. ಅಂಜುರತ್ ಸಂತೋಷದಿಂದಲೇ ಬರೆದುಕೊಟ್ಟಳು. ಮದುವೆ ಮುಗಿದು ಇಕ್ರೋಮ್ ಬಂದು ಸೇರಿಕೊಂಡ. ಕೆಲವು ತಿಂಗಳಿಗೆ ಮುಕ್ಕದಸ್‌ಳೂ ಬಂದಳು. ತನ್ನ ಮೊಣಕಾಲಿಗೆ ಲಿಫ್ಟಿರುವ ಮನೆಯೇ ಆಗಬೇಕು ಎಂದಳು. ಕೋಣೆ ಮೂರು, ಜನ ನಾಲ್ಕು. ಒಂದು ಕೋಣೆ ದಂಪತಿಗೆ, ಒಂದು ಮುಕ್ಕದಸ್‌ಗೆ, ಒಂದು ಬಂದವರನ್ನು ಕೂರಿಸಲು. ಅಂಜುರತ್‌ಳ ಹಾಸಿಗೆಯನ್ನು ಗಾಜು ಹಾಕಿದ ಬಾಲ್ಕನಿಗೆ, ಈರುಳ್ಳಿ ಚೀಲದ ಪಕ್ಕಕ್ಕೆ ಹಾಕಿದರು. "ನಿಂಗೆ ಬೆಟ್ಟ ಕಾಣುತ್ತೆ ಅಲ್ವಾಮ್ಮ," ಎಂದಳು ಮೆಹ್ರಂಗೇಜ್.

ಒಂದು ದಿನ ಬೀಗಿತ್ತಿಯರಿಬ್ಬರೂ ಅಕ್ಕಿ ಆರಿಸುತ್ತ ಕೂತಿದ್ದಾಗ ಮುಕ್ಕದಸ್ ಸಹಜವಾಗಿ ಕೇಳಿದಳು. "ಆವತ್ತು ಬಂದಿದ್ದಳಲ್ಲ, ಹಾಲು ಮಾರೋಳು. ಆ ಹುಡುಗಿ ಆಮೇಲೆ ಏನು ಮಾಡಿದ್ಲು?"

ಅಂಜುರತ್‌ಳ ಕೈ ಮೊರದಲ್ಲಿ ನಿಂತಿತು.

"ನಮ್ಮಕ್ಕ ನಿಮ್ಮ ಮೊಹಲ್ಲಾದಲ್ಲೇ ಬಾಡಿಗೆಗಿದ್ಲು," ಎಂದಳು ಮುಕ್ಕದಸ್. "ಹೆರಿಗೇಲಿ ಹೋದ್ಲು. ಅವಳನ್ನ ತೊಳೆದಿದ್ದು ನೀನು. ಬಾಗಿಲ ಸಂದೀಲಿ ನಿಂತು ನೋಡಿದ್ದೆ. ನಿನ್ನ ಎಡಗೈ ಕಿರುಬೆರಳು ಸೊಟ್ಟಗಿದೆಯಲ್ಲ, ಅದು ಮರೆತಿರ್ಲಿಲ್ಲ. ಚಹಾ ಬಗ್ಗಿಸ್ತಿದ್ದಾಗಲೇ ಗೊತ್ತಾಯ್ತು."

"ಗೊತ್ತಿದ್ದೂ ಒಪ್ಪಿದ್ರಾ?"

"ಪಟ್ಟಣದ ಮಧ್ಯೆ ಮೂರು ಕೋಣೆ ಮನೆ. ನನ್ನ ಮಗನಿಗೆ ಇನ್ಯಾರು ಕೊಡ್ತಿದ್ರು?" ಮುಕ್ಕದಸ್ ಒಂದು ಕಲ್ಲು ಹೆಕ್ಕಿ ಪಕ್ಕಕ್ಕಿಟ್ಟಳು. "ನೀನು ಎದ್ದು ಹೋಗಿದ್ರೂ ನಾನೇನೂ ಅಂತಿರ್ಲಿಲ್ಲ. ಅರ್ಧ ದಿನದ ಕೆಲಸ, ಮಾಡಿ ಬರಬಹುದಿತ್ತು. ಹೆಣ ಹಾಗೆ ಕಾಯಿಸ್ಬಾರದು."

ಮುಕ್ಕದಸ್ ಅಂಜುರತ್‌ಳ ಮುಂದಿದ್ದ ಮೊರವನ್ನು ತನ್ನ ಕಡೆ ಎಳೆದುಕೊಂಡು ಉಳಿದ ಅಕ್ಕಿಯನ್ನೂ ಆರಿಸಿದಳು. ಆ ದಿನದಿಂದ ಅಂಜುರತ್‌ಗೆ ಊಟ ಬಾಲ್ಕನಿಗೇ ಬರತೊಡಗಿತು, ಒಂದು ಪುಟ್ಟ ತಟ್ಟೆಯಲ್ಲಿ. ಮೆಹ್ರಂಗೇಜ್‌ಳೇ ತಂದಿಡುತ್ತಿದ್ದಳು.

ಮೊಮ್ಮಗಳು ಹುಟ್ಟಿದಾಗ ಮುಕ್ಕದಸ್ ಸೊಸೆಗೆ ಒಂದೇ ಮಾತು ಹೇಳಿದಳು: ಆ ಕೈ ಮಗುವಿಗೆ ಬೇಡ. ಮೆಹ್ರಂಗೇಜ್ ಒಮ್ಮೆ ತಾಯಿ ತೊಟ್ಟಿಲ ಮೇಲೆ ಬಗ್ಗಿದ್ದನ್ನು ಕಂಡು, "ಅಮ್ಮಾ, ಬೇಡ, ಅವರು ನೋಡಿದ್ರೆ ಬೈತಾರೆ" ಎಂದಳು. ಮುಂದೆ, ಅವರು ಮನೆಯಲ್ಲಿ ಇಲ್ಲದಾಗಲೂ "ಬೇಡ" ಎಂದಳು. ಅಂಜುರತ್ ಮಗುವನ್ನು ದೂರದಿಂದ ಮಾತಾಡಿಸುತ್ತಿದ್ದಳು. ಮಗು ಅವಳ ಕಡೆ ಕೈ ಚಾಚಿದರೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ತಲೆ ಕುಣಿಸುತ್ತಿದ್ದಳು. ಮಗು ಅದನ್ನೇ ಆಟವೆಂದುಕೊಂಡು ನಗುತ್ತಿತ್ತು.

ಮೆಹ್ರಂಗೇಜ್ ಮತ್ತೆ ಕೆಲಸಕ್ಕೆ ಹೋಗತೊಡಗಿದ ಮೇಲೆ ಮಗುವನ್ನು ಮುಕ್ಕದಸ್ ನೋಡಿಕೊಳ್ಳುತ್ತಿದ್ದಳು. ಒಂದು ಬೆಳಿಗ್ಗೆ ಅವಳು ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ, ಹೊರಳದಂತೆ ಮೈಮೇಲೆ ಬಟ್ಟೆಯ ಪಟ್ಟಿ ಕಟ್ಟಿ, ನಿದ್ದೆ ಹತ್ತಿದ ಮೇಲೆ ಮೊಣಕಾಲಿನ ಇಂಜೆಕ್ಷನ್‌ಗೆಂದು ಆಸ್ಪತ್ರೆಗೆ ಹೋದಳು. ಅಲ್ಲಿ ತಡವಾಯಿತು. ಮಗು ಎದ್ದಿತು. ಹೊಟ್ಟೆ ಕೆಟ್ಟಿತ್ತೋ ಏನೋ, ಕೋಣೆಯೆಲ್ಲ ವಾಸನೆ. ಮೊದಲು ಕುಂಯ್‌ಗುಟ್ಟಿತು, ಆಮೇಲೆ ಕಿರುಚತೊಡಗಿತು.

ಅಂಜುರತ್ ಬಾಲ್ಕನಿಯಿಂದ ಎದ್ದು ಬಂದು ತೊಟ್ಟಿಲ ಪಕ್ಕ ನಿಂತಳು. ಮಗುವಿನ ಮುಖ ಕೆಂಪಾಗಿ, ಕಟ್ಟಿದ ಪಟ್ಟಿಗಳ ಕೆಳಗೆ ಎದೆ ಏರಿಳಿಯುತ್ತಿತ್ತು. ಅವಳು ಮಗಳಿಗೆ ಫೋನ್ ಮಾಡಿದಳು.

"ಮಗು ಮಲ ಮಾಡ್ಕೊಂಡಿದೆ ಕಣೇ. ಬಿಚ್ಲಾ?"

ಆ ಕಡೆ ಹಲ್ಲು ಕೊರೆಯುವ ಯಂತ್ರದ ಸದ್ದು ಕೇಳುತ್ತಿತ್ತು.

"ಮುಟ್ಬೇಡ," ಎಂದಳು ಮೆಹ್ರಂಗೇಜ್. "ನಾನು ಬರ್ತೀನಿ."

ಅಂಜುರತ್ ಕಾದಳು. ರಸ್ತೆ ವಾಹನಗಳಿಂದ ತುಂಬಿತ್ತು. ಅಷ್ಟು ಎತ್ತರದಿಂದ ಅವು ಕದಲುತ್ತಿವೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಮಗುವಿನ ದನಿ ಒಡೆದು ಗೊಗ್ಗರಾಯಿತು. ಅವಳು ಹಾಡಿ ನೋಡಿದಳು, ಚಪ್ಪಾಳೆ ತಟ್ಟಿ ನೋಡಿದಳು. ಬೆನ್ನ ಹಿಂದೆ ಕೈ ಕಟ್ಟಿ ತಲೆ ಕುಣಿಸಿ ನೋಡಿದಳು. ಮಗು ಅವಳನ್ನು ನೋಡಲಿಲ್ಲ. ಅತ್ತು ಅತ್ತು ಅದಕ್ಕೆ ಬಿಕ್ಕಳಿಕೆ ಹಿಡಿಯಿತು, ಕೊನೆಗೆ ಕಣ್ಣು ಅರ್ಧ ತೆರೆದುಕೊಂಡೇ ನಿದ್ದೆಹೋಯಿತು.

ಮೆಹ್ರಂಗೇಜ್ ಏದುಸಿರು ಬಿಡುತ್ತ ಬಂದಳು. ಬೂಟು ಬಿಚ್ಚುವ ಮೊದಲೇ ಕೇಳಿದಳು. "ಮುಟ್ಟಿಲ್ಲ ತಾನೆ?"

"ಇಲ್ಲ."

ಮಗಳು ಪಟ್ಟಿ ಬಿಚ್ಚಿ ಮಗುವನ್ನು ಎತ್ತಿಕೊಂಡಳು. ತೊಡೆಗಳ ಚರ್ಮ ಕೆಂಪಗೆ ಬೆಂದುಹೋಗಿತ್ತು. ಅವಳು ಅದನ್ನು ನೋಡಿದಳು, ತಾಯಿಯ ಮುಖ ನೋಡಲಿಲ್ಲ.

"ನೀರು ಕಾಯಿಸ್ಲಾ?" ಎಂದಳು ಅಂಜುರತ್.

"ಬೇಡ, ನಲ್ಲೀಲೇ ಬಿಸಿ ಬರುತ್ತೆ," ಎಂದು ಮೆಹ್ರಂಗೇಜ್ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು.